ಕಟ್ಟಿದ ಯಂತ್ರವನ್ನು ಬಳಸಲೇಬೇಕೇ?

ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಯನ್ನು ನಮ್ಮ ಸದಸ್ಯರಲ್ಲಿ ಅನೇಕರು ನೋಡಿರುತ್ತೀರಿ. 1304ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಈ ಕೋಟೆಗೆ ಹಾಕಿದ ಮುತ್ತಿಗೆಯಲ್ಲಿ ಒಂದು ಪ್ರಸಂಗವಿದೆ. ವೈದ್ಯರಾದ ನಮ್ಮನ್ನು ಅದು ಬಹಳ ಕಾಲದಿಂದ ಕಾಡಿದೆ.

ಆ ವರ್ಷದ ಆರಂಭದಲ್ಲೇ ಸ್ಕಾಟ್ಲೆಂಡಿನ ಬಹುತೇಕ ಸರದಾರರು ಎಡ್ವರ್ಡನಿಗೆ ಶರಣಾಗಿದ್ದರು. ಸ್ಟರ್ಲಿಂಗ್ ಮಾತ್ರ ವಿಲಿಯಂ ಆಲಿಫಂಟ್ ಎಂಬಾತನ ಕೈಯಲ್ಲಿ ಉಳಿದಿತ್ತು. ಏಪ್ರಿಲ್‌ನಿಂದ ಜುಲೈವರೆಗೆ ಹತ್ತಕ್ಕೂ ಹೆಚ್ಚು ಯಂತ್ರಗಳು ಅದರ ಗೋಡೆಗಳಿಗೆ ಕಲ್ಲೆಸೆದವು. ಇಂಥ ಯಂತ್ರಗಳಲ್ಲಿ ದೊಡ್ಡದಕ್ಕೆ ಟ್ರೆಬುಶೆ ಎಂದು ಹೆಸರು. ನಮ್ಮೂರ ಬಾವಿಯ ಏತ ನೋಡಿದವರಿಗೆ ಇದರ ತತ್ವ ಹೊಸದೇನಲ್ಲ. ಉದ್ದನೆಯ ತೊಲೆ, ಅದರ ಗಿಡ್ಡ ತುದಿಗೆ ಭಾರ ತುಂಬಿದ ಪೆಟ್ಟಿಗೆ, ಉದ್ದ ತುದಿಗೆ ಕವಣೆ. ಪೆಟ್ಟಿಗೆ ಧೊಪ್ಪನೆ ಕೆಳಗಿಳಿದರೆ ಕವಣೆ ಮೇಲೆದ್ದು ಬೀಸಿ ಕಲ್ಲನ್ನು ಎಸೆಯುತ್ತದೆ. ಈ ಭಾರಕ್ಕೆಂದು ಎಡ್ವರ್ಡ್ ಚರ್ಚುಗಳ ಚಾವಣಿಯ ಸೀಸವನ್ನೇ ಕೀಳಿಸಿದ. (ಪಾದ್ರಿಗಳು ಏನೆಂದುಕೊಂಡರೋ!)

ಇಷ್ಟೂ ಸಾಲದೆ, ಸುಮಾರು 50 ಬಡಗಿಗಳನ್ನು ಹಚ್ಚಿ "ವಾರ್‌ವುಲ್ಫ್", ಅಂದರೆ ಯುದ್ಧದ ತೋಳ, ಎಂಬ ಭಾರಿ ಯಂತ್ರವನ್ನು ಕಟ್ಟಿಸಿದ. ಅದನ್ನು ಪ್ರಯೋಗಿಸುವ ಮೊದಲೇ ಕೋಟೆಯವರು ಶರಣಾಗಲು ಮುಂದಾದರು. ದೊರೆ ಒಪ್ಪಲಿಲ್ಲ. ವಾರ್‌ವುಲ್ಫ್ ಕೋಟೆಯನ್ನು ಬಡಿಯುವ ತನಕ ತನ್ನವರಾರೂ ಒಳಗೆ ಹೋಗಕೂಡದು, ಒಳಗಿರುವವರು ತಮ್ಮನ್ನು ತಾವು ಕಾಪಾಡಿಕೊಳ್ಳಲಿ ಎಂದುಬಿಟ್ಟ. ಕಲ್ಲುಗಳು ಹಾರಿದವು. ಶರಣಾಗತಿ ಆಮೇಲೆ. ರಾಣಿಯ ಕಡೆಯ ಹೆಂಗಸರು ಮುತ್ತಿಗೆ ನೋಡಲೆಂದು ಪಟ್ಟಣದ ಮನೆಯೊಂದಕ್ಕೆ ಹೊಸ ಕಿಟಕಿಯನ್ನೂ ಇಡಿಸಿದ್ದರಂತೆ.

ಬರೀ ಕ್ರೌರ್ಯ ಎಂದು ಇದನ್ನು ತಳ್ಳಿಹಾಕಬಹುದು. ಆದರೆ ಎಡ್ವರ್ಡ್ ಆಲಿಫಂಟನನ್ನು ಕೊಲ್ಲಿಸದೆ ಲಂಡನ್ ಗೋಪುರದ ಸೆರೆಗೆ ಕಳಿಸಿದ. ಮನುಷ್ಯನನ್ನು ಉಳಿಸಬಲ್ಲವನಿಗೆ ಯಂತ್ರವನ್ನು ಸುಮ್ಮನೆ ನಿಲ್ಲಿಸಲಾಗಲಿಲ್ಲ! ಮಿಕ್ಕವರಿಗೆ ಪಾಠವಾಗಲಿ ಎಂದು ಹೀಗೆ ಮಾಡಿರಬಹುದು ಎನ್ನಬಹುದು. ಮಿಕ್ಕವರಲ್ಲಿ ಹೆಚ್ಚಿನವರು ಆಗಲೇ ಶರಣಾಗಿದ್ದರಲ್ಲ?

ನಮ್ಮ ವೃತ್ತಿಗೂ ಈ ಹಟ ಅಪರಿಚಿತವಲ್ಲ. ಆಸ್ಪತ್ರೆಗೆ ದುಬಾರಿ ಸ್ಕ್ಯಾನರ್ ಬಂದರೆ ಅದಕ್ಕೆ ತಕ್ಕ ರೋಗಿಗಳೂ ಹುಟ್ಟಿಕೊಳ್ಳುತ್ತಾರೆ. ಕೊನೆಯ ದಿನಗಳಲ್ಲಿರುವ ವೃದ್ಧರಿಗೆ ಮತ್ತೊಂದು ನಳಿಗೆ, ಮತ್ತೊಂದು ರಕ್ತಪರೀಕ್ಷೆ. ಮನೆಯವರು "ಸಾಕು ಡಾಕ್ಟ್ರೇ" ಎಂದ ಮೇಲೂ "ಇದೊಂದು ಮಾಡಿ ನೋಡೋಣ" ಎನ್ನುವವರಿದ್ದಾರೆ. ದುರುದ್ದೇಶ ಯಾರಿಗೂ ಇರುವುದಿಲ್ಲ. ಫಲಿತಾಂಶ ಹೇಗೇ ಬಂದರೂ ಚಿಕಿತ್ಸೆ ಬದಲಾಗದು ಎಂದಾದರೆ ಆ ಪರೀಕ್ಷೆ ಯಾರಿಗಾಗಿ ಎಂದು ಕಿರಿಯ ವೈದ್ಯರನ್ನು ನಾವು ಕೇಳುವುದುಂಟು. ಬಳಸದ ಯಂತ್ರ ತುಕ್ಕು ಹಿಡಿಯುತ್ತದೆ, ಬಳಸದ ಕೈ ಮರೆಯುತ್ತದೆ, ಕಲಿಯುವವರು ಎಲ್ಲಿ ಕಲಿಯಬೇಕು ಎಂದು ಅವರು ತಿರುಗಿ ಕೇಳುತ್ತಾರೆ. ಅದರಲ್ಲೂ ಹುರುಳಿದೆ, ಹಾಗೆ ಕಲಿತೇ ಅಲ್ಲವೇ ನಾವೂ ವೈದ್ಯರಾದದ್ದು? ಆದರೂ ಸಾಕೆಂದು ಕೈಮುಗಿದವರ ಮೈಮೇಲೆ ಕಲಿಯುವುದನ್ನು ನಾವು ಒಪ್ಪಲಾರೆವು.

1304ರಲ್ಲಿ ಎಡ್ವರ್ಡನ ಪಕ್ಷದಲ್ಲಿದ್ದು ಮುತ್ತಿಗೆಗೆ ಯಂತ್ರಗಳನ್ನು ಕಳಿಸಿಕೊಟ್ಟವರಲ್ಲಿ ರಾಬರ್ಟ್ ಬ್ರೂಸ್ ಕೂಡ ಒಬ್ಬ. ಹತ್ತು ವರ್ಷದ ಮೇಲೆ, 1314ರಲ್ಲಿ, ಬ್ಯಾನಕ್‌ಬರ್ನ್‌ನಲ್ಲಿ ಇಂಗ್ಲೆಂಡಿನ ಸೈನ್ಯವನ್ನು ಸೋಲಿಸಿದಾಗ ಇದೇ ಸ್ಟರ್ಲಿಂಗ್ ಅವನ ಕೈಗೆ ಬಂತು. ಆತ ಅದನ್ನು ಭದ್ರಪಡಿಸಲಿಲ್ಲ. ಶತ್ರುವಿಗೆ ಮತ್ತೆ ಉಪಯೋಗಕ್ಕೆ ಬಾರದಿರಲಿ ಎಂದು ಗೋಡೆಗಳನ್ನೇ ಕೆಡವಿಸಿದ.