ಉರಿಯುವ ಮನೆಯ ಗಳ

ಉರಿಯುವ ಮನೆಯಲ್ಲಿ ಗಳ ಹಿರಿಯುವವನಿಗೆ ನಮ್ಮ ಗಾದೆಯಲ್ಲಿ ಕ್ಷಮೆಯಿಲ್ಲ. ಹುಲ್ಲಿನ ಸೂರಿಗೆ ಬೆಂಕಿ ಬಿದ್ದು ಮನೆಯವರು ಕೂಗಾಡುತ್ತಿರುವಾಗ, ನೀರು ತರುವುದು ಬಿಟ್ಟು ಮಾಡಿನ ಬಿದಿರನ್ನು ಎಳೆದುಕೊಂಡು ಹೋಗುವವನು ಕಳ್ಳನಿಗಿಂತ ಕಡೆ. ಷೇರುಪೇಟೆಯ ಶಾರ್ಟ್ ಸೆಲ್ಲರ್‌ನನ್ನೂ ಜನ ಇದೇ ಗಾದೆಯಿಂದ ಅಳೆಯುತ್ತಾರೆ. ಅವನು ಷೇರನ್ನು ಎರವಲು ತಂದು ಇಂದಿನ ಬೆಲೆಗೆ ಮಾರುತ್ತಾನೆ. ಬೆಲೆ ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ಹಿಂದಿರುಗಿಸಿ, ಉಳಿದದ್ದನ್ನು ಇಟ್ಟುಕೊಳ್ಳುತ್ತಾನೆ. ಕಂಪನಿಗೆ ಕೇಡಾದರೆ ಅವನಿಗೆ ಕಾಸು. ಈ ಸಿಟ್ಟು ಹಳೆಯದು. ವ್ಯಾಪಾರಿ ಐಸಾಕ್ ಲೆ ಮೇರ್ ಮತ್ತು ಸಂಗಡಿಗರು ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳನ್ನು ಕೈಯಲ್ಲಿಲ್ಲದೆಯೇ ಮಾರಿದ್ದಕ್ಕೆ ಡಚ್ಚರು 1610ರಲ್ಲೇ ನಿಷೇಧ ಹೇರಿದ್ದರು.

ಆದರೆ ಗಾದೆಯ ಬೆಂಕಿ ಊರಿಗೆಲ್ಲ ಕಾಣುವಂಥದ್ದು. ಪೇಟೆಯಲ್ಲಿ ಹೊಗೆಯೂ ಆಚೆ ಬಾರದಂತೆ ಮುಚ್ಚಿಡುವವರಿದ್ದಾರೆ. ಜರ್ಮನಿಯ ವೈರ್‌ಕಾರ್ಡ್ 2018ರಲ್ಲಿ ಆ ದೇಶದ ಅಗ್ರ 30 ಕಂಪನಿಗಳ ಡ್ಯಾಕ್ಸ್ ಸೂಚ್ಯಂಕ ಸೇರಿತ್ತು. ಅದರ ಲೆಕ್ಕಪತ್ರಗಳ ಮೇಲೆ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಅನುಮಾನ ಎತ್ತಿ ಷೇರು ಕುಸಿದಾಗ, ನಿಯಂತ್ರಕ ಸಂಸ್ಥೆ ಬಾಫಿನ್ ಫೆಬ್ರವರಿ 2019ರಲ್ಲಿ ಆ ಷೇರಿನ ಶಾರ್ಟ್ ಸೆಲ್ಲಿಂಗನ್ನೇ ಎರಡು ತಿಂಗಳು ತಡೆಯಿತು. ಪತ್ರಕರ್ತರ ಮೇಲೂ ದೂರು ಕೊಟ್ಟಿತು. ಜೂನ್ 2020ರಲ್ಲಿ, ಫಿಲಿಪ್ಪೀನ್ಸ್‌ನ ಎರಡು ಬ್ಯಾಂಕುಗಳಲ್ಲಿದೆ ಎಂದು ಕಂಪನಿ ಹೇಳಿದ್ದ 190 ಕೋಟಿ ಯೂರೋ ಅಲ್ಲಿಲ್ಲವೆಂದು ಬಯಲಾಯಿತು. ತೋರಿಸಿದ್ದ ದಾಖಲೆಗಳೇ ಖೊಟ್ಟಿ ಎಂದು ಆ ಬ್ಯಾಂಕುಗಳು ಹೇಳಿದವು. ನೂರು ಯೂರೋ ಮೇಲಿದ್ದ ಷೇರು ಕೆಲವೇ ದಿನಗಳಲ್ಲಿ ನೆಲಕಚ್ಚಿತು. ಇಲ್ಲಿ ಬೆಂಕಿ ಇಟ್ಟವರು ಒಳಗಿನವರು.

ಮಾರಾಟವೇ ಬೆಂಕಿ ಹೊತ್ತಿಸಬಹುದಲ್ಲ ಎಂದು ಕೇಳಬಹುದು. ಬ್ಯಾಂಕುಗಳ ವಿಷಯದಲ್ಲಿ ಈ ಮಾತಿಗೆ ತೂಕವಿದೆ. ಷೇರು ಬಿದ್ದರೆ ಠೇವಣಿದಾರರು ಕಂಗೆಡುತ್ತಾರೆ, ನಂಬಿಕೆ ಹೋದರೆ ಗಟ್ಟಿ ಬ್ಯಾಂಕೂ ಉಳಿಯದು. ಅದಕ್ಕೆಂದೇ ಅಮೆರಿಕ ಸೆಪ್ಟೆಂಬರ್ 2008ರಲ್ಲಿ ಸುಮಾರು 800 ಹಣಕಾಸು ಷೇರುಗಳ ಶಾರ್ಟ್ ಸೆಲ್ಲಿಂಗ್‌ಗೆ ತಡೆ ಹಾಕಿತು. ಆದರೂ ಕುಸಿತ ನಿಲ್ಲಲಿಲ್ಲ. ಬೆಲೆ ಬೀಳಿಸಲೆಂದೇ ಸುಳ್ಳು ಹಬ್ಬಿಸುವವನು, ಎರವಲು ಪಡೆಯದೆಯೇ ಮಾರುವವನು ಗಾದೆಯ ಬೈಗುಳಕ್ಕೆ ನಿಜವಾಗಿ ತಕ್ಕವರು. ಅವರನ್ನು ಹಿಡಿಯಲು ಕಾನೂನು ಬೇಕು. ಷೇರು ಒದಗಿಸದ ಬೆತ್ತಲೆ ಮಾರಾಟಕ್ಕೆ ನಮ್ಮ ಷೇರುಪೇಟೆ ನಿಯಂತ್ರಕ ಸೆಬಿ ಅವಕಾಶ ಕೊಟ್ಟಿಲ್ಲ. ಸಾಂಸ್ಥಿಕ ಹೂಡಿಕೆದಾರರು ತಾವು ಮಾಡುವುದು ಶಾರ್ಟ್ ಸೆಲ್ ಎಂದು ಮೊದಲೇ ತಿಳಿಸಬೇಕೆಂದೂ ಹೇಳಿದೆ. ಇದು ಸರಿಯಾದ ದಾರಿ.

ಇನ್ನೊಬ್ಬರ ನಷ್ಟ ಬಯಸುವುದೇ ಪಾಪವಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಬಯಕೆ ಕೆಟ್ಟದ್ದೇ ಇರಬಹುದು. ಆದರೆ ಅನುಮಾನಪಟ್ಟವರ ಬಾಯಿಯನ್ನೂ ಕೈಯನ್ನೂ ಕಟ್ಟಿದ ಆ ಎರಡು ತಿಂಗಳಲ್ಲಿ, ಸರ್ಕಾರವೇ ಕಾವಲಿದೆ ಎಂದು ನಂಬಿ ವೈರ್‌ಕಾರ್ಡ್ ಷೇರು ಕೊಂಡು ಕೊನೆಯವರೆಗೂ ಇಟ್ಟುಕೊಂಡ ಸಣ್ಣ ಹೂಡಿಕೆದಾರರ ಹಣವನ್ನು ಆ ನಿಷೇಧ ಉಳಿಸಲಿಲ್ಲ.