ಅರ್ಕಾವತ್ತು ಎಲ್ಲಿ ಕೂರಬೇಕು?

ಲಿಂಗರಾಜಪುರದ ನಮ್ಮ ಡಿಟಿಪಿ ಅಂಗಡಿಯಲ್ಲಿ ರಾಜ್ಯೋತ್ಸವದ ಕರಪತ್ರ ಟೈಪ್ ಮಾಡುತ್ತಿದ್ದೆ. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದ ತಾತ ಪಕ್ಕದಲ್ಲಿ ಕೂತಿದ್ದರು.

ತಾತ: ‘ಸರ್ವಜ್ಞನಗರ’ ಅಂತ ಹೊಡೆಯೋಕೆ ಎಷ್ಟು ಹೊತ್ತಾಯಿತಮ್ಮ?

ನಾನು: ಎರಡು ಸೆಕೆಂಡು. ನಿಮಗೆ?

ತಾತ: ಸ ಒಂದು ಮೊಳೆ, ವ ಒಂದು, ಆಮೇಲೆ ಅರ್ಕಾವತ್ತು. ಜ, ಅದರ ಬುಡಕ್ಕೆ ಞ ಒತ್ತು. ಒಂದೊಂದಕ್ಕೂ ಕೇಸಿನಲ್ಲಿ ಬೇರೆ ಮನೆ. ಕಣ್ಣು ಹಸ್ತಪ್ರತಿಯ ಮೇಲೆ, ಕೈ ತಾನಾಗಿ ಆ ಮನೆಗೆ. ಮೊಳೆ ಜೋಡಿಸುವ ಸ್ಟಿಕ್ಕಿನಲ್ಲಿ ಅಕ್ಷರವೆಲ್ಲ ತಲೆಕೆಳಗು, ಹಾಗೇ ಓದಿಕೊಳ್ಳುತ್ತಿದ್ದೆವು.

ನಾನು: 1886ರಲ್ಲೇ ನ್ಯೂಯಾರ್ಕಿನ ಟ್ರಿಬ್ಯೂನ್ ಪತ್ರಿಕೆಗೆ ಮರ್ಗೆಂಥಾಲರನ ಲೈನೋಟೈಪ್ ಯಂತ್ರ ಬಂದಿತ್ತಲ್ಲ ತಾತ. ಕೀಲಿ ಒತ್ತಿದರೆ ಅಚ್ಚುಗಳು ಸಾಲಾಗಿ ಇಳಿದು, ಕಾದ ಸೀಸ ಹರಿದು, ಇಡೀ ಸಾಲೇ ಎರಕವಾಗುತ್ತಿತ್ತು. ನೀವ್ಯಾಕೆ ಒಂದೊಂದೇ ಹೆಕ್ಕುತ್ತಾ ಕೂತಿರಿ?

ತಾತ: ಅದಕ್ಕಿದ್ದದ್ದು 90 ಕೀಲಿ. ಇಂಗ್ಲಿಷಿಗೆ ಧಾರಾಳ. ನಮ್ಮ ಕಾಗುಣಿತ, ಒತ್ತು ಎಲ್ಲ ಸೇರಿದರೆ ಮೊಳೆಗಳೇ ನೂರಾರು. ಜೊತೆಗೆ ‘ಸರ್ವಜ್ಞ’ ಅನ್ನುವಾಗ ಬಾಯಿ ರಕಾರ ಮೊದಲು ಅನ್ನುತ್ತೆ, ಕಣ್ಣಿಗೆ ವಕಾರ ಮೊದಲು ಸಿಗುತ್ತೆ.

ನಾನು: ಆ ತೊಡಕು ಬಿಡಿಸಿದ್ದೇ ಕೆ.ಪಿ. ರಾವ್. ಮಾನೋಟೈಪ್ ಕಂಪನಿಯಲ್ಲಿ ದುಡಿದವರು. ಅವರ ಕೀಲಿಮಣೆಯಲ್ಲಿ ಆಕಾರ ಹುಡುಕುವ ಗೋಜಿಲ್ಲ, ಉಚ್ಚಾರ ಕೊಟ್ಟರೆ ಸಾಕು. ರ, ಒತ್ತಕ್ಷರ ಕೂಡಿಸುವ ಎಫ್, ವ ಒತ್ತುತ್ತೇನೆ. ಅರ್ಕಾವತ್ತು ತಾನೇ ಹಿಂದಕ್ಕೆ ಹೋಗಿ ಕೂರುತ್ತೆ. ಅಂದಮೇಲೆ ಅಕ್ಷರ ಅಂದರೆ ಸದ್ದು. ಆಕಾರ ಅದು ಉಟ್ಟ ಬಟ್ಟೆ.

ತಾತ: ಬಟ್ಟೆ ಅನ್ನಬೇಡಮ್ಮ. ಅಕ್ಷರಾಭ್ಯಾಸದ ದಿನ ನಿನ್ನ ಬೆರಳು ಹಿಡಿದು ಅಕ್ಕಿಯ ಮೇಲೆ ತಿದ್ದಿಸಿದ್ದು ನಾನು. ‘ಅ’ ಅನ್ನೋ ಸದ್ದು ಹುಟ್ಟಿದ ದಿನದಿಂದ ನಿನ್ನ ಬಾಯಲ್ಲಿತ್ತು. ತಟ್ಟೆಯಲ್ಲಿ ತಿದ್ದಿದ ಮೇಲೇ ಅದು ಅಕ್ಷರವಾಗಿದ್ದು.

ನಾನು: ಸವೆದ ಮೊಳೆ ಕರಗಿಸುತ್ತಿದ್ದಿರಲ್ಲ? ಆಕಾರವೇ ಹೋಯಿತು. ಮತ್ತೆ ಎರಕ ಹೊಯ್ದರೆ ಅದೇ ‘ಸ’. ನಡುವೆ ಉಳಿದಿದ್ದೇನು?

ತಾತ: ಎರಕದ ಅಚ್ಚು. ಅದೂ ಆಕಾರವೇ.

ಈ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಯಂತ್ರ ನನ್ನ ಪಾಲಿಗೆ ಸದ್ದನ್ನು ಬಿಟ್ಟು, ಆಕಾರದ ಹೊಣೆಯನ್ನೆಲ್ಲ ತಾನೇ ಹೊತ್ತುಕೊಂಡಿದೆ ಅನ್ನುವುದು ಮಾತ್ರ ಅವತ್ತು ಮನಸ್ಸಿಗೆ ನಾಟಿತು.

ನಾನು: ಕಣ್ಣು ಮುಚ್ಚಿಕೊಳ್ಳಿ ತಾತ. ನಾನು ಬಿಡಿಸಿ ಹೇಳ್ತೀನಿ, ನೀವು ಜೋಡಿಸಿ. ಸ...

ತಾತನ ಎಡಗೈ ಸ್ಟಿಕ್ ಹಿಡಿದಂತೆ ಬಾಗಿತು. ಬಲಗೈ ಮೇಜಿನ ಆ ಮೂಲೆಯಿಂದ ಏನನ್ನೋ ಎತ್ತಿ ತಂದು ಎಡ ಹೆಬ್ಬೆರಳಿನ ಪಕ್ಕ ಇಟ್ಟಿತು. ‘ರ್’ ಅಂದೆ. ಕೈ ಗಾಳಿಯಲ್ಲೇ ನಿಂತಿತು. ‘ವ’ ಅಂದ ಮೇಲೆ ಹೊರಟಿತು. ವಕಾರವನ್ನು ತಂದಿಟ್ಟು, ಅರ್ಕಾವತ್ತಿಗಾಗಿ ಇನ್ನೊಂದು ಮನೆಗೆ ಹೋಯಿತು.