ಹೊಸ್ತಿಲಾಚೆಯ ನಿತ್ಯಕರ್ಮ

ಬಾಗಿಲು ಸಾರಿಸಿದ ಮೇಲೆ ನೆಲದ ಪಸೆ ಆರುವ ಮೊದಲೇ ರಂಗೋಲಿ ಬಿಡಬೇಕು. ಪೂರ್ತಿ ಒಣಗಿದರೆ ಪುಡಿ ಗಾಳಿಗೆ ಹಾರುತ್ತದೆ, ನೀರು ನಿಂತಿದ್ದರೆ ಗೆರೆ ಕದಡುತ್ತದೆ. ಹೆಬ್ಬೆರಳು, ತೋರುಬೆರಳುಗಳ ನಡುವಿನಿಂದ ಪುಡಿ ಜಾರುವಾಗ ಕೈ ಒಂದಿಷ್ಟು ತಡೆದರೂ ಅಲ್ಲಿ ಗೆರೆ ದಪ್ಪಗಾಗುತ್ತದೆ. ಅಳಿಸಿ ತಿದ್ದುತ್ತ ಕೂರಲು ಹೊತ್ತಿಲ್ಲ, ಒಲೆಯ ಮೇಲೆ ಹಾಲಿದೆ. ಸಂದು ಚುಕ್ಕಿ 7ರಿಂದ 4 ಎಂದರೆ ನಡುಸಾಲಿನ 7ರಿಂದ ಎರಡೂ ಬದಿಗೆ ಒಂದೊಂದೇ ಇಳಿದು 4ಕ್ಕೆ ನಿಲ್ಲುವ ಸಾಲುಗಳು, ಒಟ್ಟು 37 ಚುಕ್ಕಿ. ಕೈ ಪಳಗಿದವರಿಗೆ ಎಣಿಕೆಯೂ ಬೇಡ. ಮಧ್ಯಾಹ್ನದೊಳಗೆ ಮಕ್ಕಳ ಕಾಲಿಗೆ, ಸೈಕಲ್ ಚಕ್ರಕ್ಕೆ ಸಿಕ್ಕಿ ಎಲ್ಲ ಅಳಿಸಿಹೋಗುತ್ತದೆ.

ಉಳಿಯದ ಚಿತ್ರವನ್ನು ದಿನಾ ಬರೆಯುವುದೇಕೆ?

ಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ವಿಂಗಡಿಸಿದರು. ಮಳೆ ಬೇಕು, ಸಂತಾನ ಬೇಕು ಎಂದು ಮಾಡುವುದು ಕಾಮ್ಯ. ಗ್ರಹಣದಂಥ ಸಂದರ್ಭ ಒದಗಿದಾಗ ಮಾಡುವುದು ನೈಮಿತ್ತಿಕ. ಇಂಥದ್ದೇ ಬೇಕೆಂದು ಕೇಳದೆ ದಿನದಿನವೂ ಮಾಡಲೇಬೇಕಾದದ್ದು ನಿತ್ಯ. ಭಗವದ್ಗೀತೆಯ 18ನೆಯ ಅಧ್ಯಾಯವೂ ನಿಯತವಾದ ಕರ್ಮವನ್ನು ಬಿಡಲು ಒಪ್ಪುವುದಿಲ್ಲ, ಫಲದ ಹಂಬಲವನ್ನಷ್ಟೇ ಬಿಡಿಸುತ್ತದೆ. ನಿತ್ಯಕರ್ಮವೆಂದೊಡನೆ ಪಂಡಿತರ ಬಾಯಿಗೆ ಬರುವುದು ಸಂಧ್ಯಾವಂದನೆ, ಅಗ್ನಿಹೋತ್ರ. ಹೊಸ್ತಿಲಾಚೆ ಬಗ್ಗಿ ನಿಂತ ಹೆಂಗಸಿನ ಕೆಲಸವನ್ನು ಆ ಸಾಲಿಗೆ ಸೇರಿಸುವವರು ಕಡಿಮೆ. ಸೇರಿಸಬೇಕು. ನಿತ್ಯದ ಲಕ್ಷಣ ಇಷ್ಟು ಚೊಕ್ಕವಾಗಿ ಕೂಡುವ ಕೆಲಸ ಮನೆಯಲ್ಲಿ ಬೇರೆ ಯಾವುದಿದೆ? ಅಕ್ಕಿಹಿಟ್ಟಿನಲ್ಲಿ ಬರೆದ ಕಡೆ ಇರುವೆಗಳಿಗೂ ಒಂದು ಪಾಲು ಸಿಗುತ್ತದೆ. ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೆಂದರೆ ಇಂಥದ್ದೇ ತಾನೆ.

ಬೈಲುಕುಪ್ಪೆಯ ಟಿಬೆಟನ್ನರ ಪರಂಪರೆಯಲ್ಲಿ ಮರಳಿನ ಮಂಡಲವಿದೆ. ಭಿಕ್ಷುಗಳು ದಿನಗಟ್ಟಲೆ ಕೂತು ಬಣ್ಣದ ಮರಳನ್ನು ಉದುರಿಸಿ ಅದನ್ನು ರಚಿಸುತ್ತಾರೆ, ಪೂಜೆ ಮುಗಿದ ಮೇಲೆ ಗುಡಿಸಿ ಹರಿವ ನೀರಿಗೆ ಬಿಡುತ್ತಾರೆ. ಅನಿತ್ಯದ ಪಾಠವೆಂದು ಲೋಕ ಅದಕ್ಕೆ ಕೈಮುಗಿಯುತ್ತದೆ. ನಮ್ಮ ಬೀದಿಯಲ್ಲಿ ಅದೇ ಪಾಠ ದಿನವೂ ನಡೆಯುತ್ತದೆ, ವಿಧಿಯ ಗದ್ದಲವಿಲ್ಲದೆ.

ಸೂತಕದ ಮನೆಯ ಮುಂದೆ ರಂಗೋಲಿ ಇರುವುದಿಲ್ಲ. ಬರಿದಾದ ಬಾಗಿಲು ಕಂಡರೆ ದಾರಿಹೋಕರು ದನಿ ತಗ್ಗಿಸುತ್ತಾರೆ. ಸೂತಕ ಕಳೆದು ಮತ್ತೆ ಗೆರೆ ಮೂಡಿದ ದಿನ, ಆ ಮನೆ ಬದುಕಿಗೆ ಮರಳಿತೆಂದು ಬೀದಿಗೆ ತಿಳಿಯುತ್ತದೆ.

ದಿನಕ್ಕೊಂದು ಚಿತ್ರ ಬರೆಯಬೇಕೆಂದು ದುಬಾರಿ ಪುಸ್ತಕ ಕೊಂಡು, ಮೊದಲ ಹಾಳೆ ಕೆಟ್ಟೀತೆಂದು ಹೆದರಿ ಮುಚ್ಚಿಟ್ಟವರು ಬಹಳ. ಹೆಣ್ಣಾಗಲಿ ಗಂಡಾಗಲಿ, ಅಂಥವರು ನಾಳೆ ಬೆಳಿಗ್ಗೆ ಮನೆಯ ಮುಂದೆ ಮೂರು ಸಾಲು, ಮೂರು ಚುಕ್ಕಿ ಇಟ್ಟು ಗೆರೆ ಸುತ್ತಲಿ. ಸೊಟ್ಟಗಾದರೆ ಆಗಲಿ. ಫೋಟೋ ಮಾತ್ರ ತೆಗೆಯುವುದು ಬೇಡ.